ನೋವುಗನ್ನಡಿ

"ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ. ಹಂಗ ಆತು ನೋಡ್ರಿ ನನ್ನ ಬಾಳೇವು," ಎಂದು ಅಡಿವೆಪ್ಪ ಮುಳಗುಂದ ಮೇಜನ್ನು ಗುದ್ದಿದ. "ಯಂತ್ರಕ್ಕ ರೊಕ್ಕ ನಂದು ಬೇಕು, ಕಟ್ಟಡಕ್ಕ ನಂದು ಬೇಕು. ನನ್ನ ಹೇಣ್ತಿ ಮಾತ್ರ ಬ್ಯಾಡ ಹೌದಿಲ್ಲೋ?"

ಮೇಜಿನ ಆಚೆ ಡಾಕ್ಟರ್ ಶಬಾನಾ ನದಾಫ ತಣ್ಣಗಾದ ಚಹಾದ ಕಪ್ಪನ್ನು ಸುಮ್ಮನೆ ತಿರುಗಿಸುತ್ತ ಕೂತಿದ್ದಳು.

"ಹೆಸರು ಬಾಗಿಲ ಮ್ಯಾಲ ಐತಲ್ರೀ ಸರ್. ಕಾಶವ್ವ ಮುಳಗುಂದ ಸಂಶೋಧನಾ ಕೇಂದ್ರ ಅಂತ. ರಸ್ತೇದಾಗ ಹೋಗೋ ಬಸ್ಸಿನ್ಯಾಗ ಕೂತವ್ರಿಗೂ ಕಾಣತೈತಿ."

"ಬಾಗಿಲದ್ದು ಬಿಡ್ರಿ. ನಾಡಿದ್ದು ಸನ್ಮಾನದ ದಿನ ಪರದೆ ಮ್ಯಾಲ ತೋರ್ಸೋ ಪಿಚ್ಚರ್‌ನಾಗ ಅಕಿ ಯಾಕಿಲ್ಲ? ನಿಮ್ಮ ಪಟ್ಟಿ ಮೊದಲ ಕಟ್ಟಿದ್ದು ಯಾರ ಕುತ್ತಿಗಿಗೆ? ಕಿವಿ ನೋವಿನ ಕೂಸು ಐತಿ, ಹಲ್ಲು ನೋವಿನ ಮುದುಕ ಅದಾನ. ಎಲ್ಲಾರಿಗಿಂತ ಮೊದಲಿನಾಕಿ ಎಲ್ಲಿ ಹೋದಳು?"

"ಅದಕ್ಕ ಕೆಲವು ತಾಂತ್ರಿಕ ಕಾರಣ ಅದಾವ್ರಿ."

"ತಾಂತ್ರಿಕ," ಎಂದ ಅಡಿವೆಪ್ಪ. "ನಾ ಏಳನೇ ಈಯತ್ತೆ ಓದಿದಾವ. ನನಗ ತಿಳಿಯೂದಿಲ್ಲ ಅಂತ ಈ ಶಬ್ದ ಒಗೀತೀರೇನು?"

ಅಡಿವೆಪ್ಪನ ಸಿಟ್ಟು ಊರಿಗೇ ಗೊತ್ತಿದ್ದದ್ದು. ಶಾಲೆ ಬಿಟ್ಟ ವರ್ಷವೇ ಲಾರಿ ಟೈರಿನ ಅಂಗಡಿ ಸೇರಿ, ಸವೆದ ಟೈರಿಗೆ ಹೊಸ ರಬ್ಬರು ಹೊದಿಸಿ ಬೇಯಿಸುವ ಕೆಲಸ ಕಲಿತವನು. ಈಗ ಆ ಕೆಲಸದ ಕಾರ್ಖಾನೆಗಳು ಅವನವೇ. ಬಿಸಿ ರಬ್ಬರಿನ ಮುಂದೆ ನಿಂತು ನಿಂತು ಮೈಯ ಜೊತೆ ನಾಲಿಗೆಯೂ ಕಾದುಹೋಗಿದೆ ಎಂದು ಅವನ ಆಳುಗಳು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಅವನ ಹೆಂಡತಿ ಕಾಶವ್ವನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಅವಳನ್ನು ಸೇರಿಸಿದ್ದು ಈ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ.

ಆಗ ಶಬಾನಾಳ ಪ್ರಯೋಗಾಲಯವೆಂದರೆ ಮುರಿದ ಮಂಚಗಳನ್ನು ತುಂಬಿಟ್ಟ ಕೋಣೆಯ ಒಂದು ಮೂಲೆ. ಮೈಯ ನೋವೆಲ್ಲ ನರಗಳ ದಾರಿಯಲ್ಲಿ ಕುತ್ತಿಗೆ ದಾಟಿಯೇ ತಲೆಗೆ ಹೋಗಬೇಕು, ಹಲ್ಲು ಕಿವಿಯ ನೋವೂ ಒಮ್ಮೆ ಕುತ್ತಿಗೆಯವರೆಗೆ ಇಳಿದೇ ಮೇಲೇರುತ್ತದೆ, ನಾಲಿಗೆ ಸತ್ತವರ ನೋವೂ ಅಲ್ಲಿಯವರೆಗೆ ಸಾಯುವುದಿಲ್ಲ ಎಂಬುದು ಅವಳ ವಾದ. ಆ ಸುದ್ದಿಯನ್ನು ಕುತ್ತಿಗೆಯಲ್ಲೇ ಹಿಡಿದಿಡುವ ಒಂದು ಪಟ್ಟಿಯನ್ನು ಅವಳು ಮಾಡಿದ್ದಳು. ಹಿಡಿದದ್ದನ್ನು ಓದುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಸರ್ಕಾರದಿಂದ ನೆರವು ಕೇಳಿದರೆ ಉಪಯೋಗ ಸ್ಪಷ್ಟವಿಲ್ಲವೆಂದು ಉತ್ತರ ಬಂತು. ಕಾಶವ್ವ ಆ ಪಟ್ಟಿಯನ್ನು ಆಸ್ಪತ್ರೆಯಲ್ಲಿ ಕಟ್ಟಿಕೊಂಡಳು, ಮನೆಗೆ ಹೋದ ಮೇಲೂ ಕಟ್ಟಿಕೊಂಡಳು. ಕೊನೆಗೆ ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡಾಗಲೂ ಅದು ಅವಳ ಕುತ್ತಿಗೆಯಲ್ಲೇ ಇತ್ತು.

ಅಂತ್ಯಕ್ರಿಯೆ ಮುಗಿಸಿದವನೇ ಅಡಿವೆಪ್ಪ ಪಟ್ಟಿ ವಾಪಸು ಕೊಡಲು ಬಂದು, ಮುರಿದ ಮಂಚವೊಂದರ ಮೇಲೆ ಕೂತು ಹೇಳಿದ್ದ: "ಇದನ್ನ ಓದೋ ಯಂತ್ರ ಮಾಡ್ರಿ. ಅಕಿಗೆ ಎಲ್ಲಿ ನೋವಿತ್ತಂತ ನನಗ ತಿಳೀಲಿಲ್ಲ. ಮಂದಿ ಹೇಣ್ತೇರದ್ದರ ತಿಳೀಲಿ. ಎಷ್ಟು ಬೇಕು ಕೇಳ್ರಿ."

ಅವನು ಕೊಡುತ್ತ ಹೋದ. ಎಂಜಿನಿಯರುಗಳು ಬಂದರು, ಹೊರದೇಶದಿಂದ ಉಪಕರಣ ಬಂತು, ಕಟ್ಟಡ ಎದ್ದಿತು. ಬೇಕಾದಷ್ಟು ವರ್ಷ ಸೋತು, ಹೋದ ವರ್ಷ ಯಂತ್ರ ಗೆದ್ದಿತು. ರೋಗಿಯ ಕುತ್ತಿಗೆಗೆ ಪಟ್ಟಿ. ಗಟ್ಟಿಮುಟ್ಟಾದ ಇನ್ನೊಬ್ಬರ ಮೈಗೆ ತಂತಿ ಹೆಣೆದ ಒಂದು ಅಂಗಿ. ರೋಗಿಗೆ ಎಲ್ಲಿ ನೋಯುತ್ತದೋ ಅಂಗಿ ತೊಟ್ಟವರಿಗೂ ಅಲ್ಲೇ ನೋಯುತ್ತದೆ. ಅನ್ನ ಬಿಟ್ಟು ಮಲಗಿದ್ದ ಒಬ್ಬ ಮೂಕ ಮುದುಕನನ್ನು ಮನೆಯವರು ಸಾಯಲು ಮನಸ್ಸು ಮಾಡಿದ್ದಾನೆಂದು ಕೈಬಿಟ್ಟಿದ್ದರು. ಅಂಗಿ ತೊಟ್ಟ ನರ್ಸು ತನ್ನ ದವಡೆ ಹಿಡಿದುಕೊಂಡು ಚೀರಿದಳು. ಹಲ್ಲು ಕಿತ್ತ ಮರುದಿನ ಮುದುಕ ಅನ್ನ ಸಾರು ಉಂಡ. ಯಂತ್ರಕ್ಕೆ ನೋವುಗನ್ನಡಿ ಎಂದು ಹೆಸರಿಟ್ಟದ್ದು ಆ ನರ್ಸೇ.

ಗದ್ದಲ ಕೇಳಿ ಪ್ರಿನ್ಸಿಪಾಲ್ ಹಂಪಿಹೊಳಿ ಓಡಿಬಂದರು. ಅವರಿಗೆ ಮಕ್ಕಳ ವಾರ್ಡು ಕಟ್ಟಿಸುವ ಹಂಬಲ. ಅದಕ್ಕೂ ಅಡಿವೆಪ್ಪ ಹೂಂ ಅಂದಿದ್ದ.

"ಏನಾತ್ರಿ ಸಾಹುಕಾರ್ರ?"

"ಏನಾಗಬೇಕು? ಕಾಶಿ ಪಟ್ಟಿಯೊಳಗಿಂದು ನನಗ ಹಾಕಂತ ಹೇಳಾಕತ್ತೀನಿ. ಅಕಿ ನೋವು ಏನಿತ್ತು ನಾ ನೋಡತೀನಿ. ಈ ಅವ್ವ ಒಲ್ಲೆ ಅಂತಾರ."

"ಕೈ ಮುಗೀತೀನ್ರಿ ಸರ್, ಬ್ಯಾಡ," ಎಂದಳು ಶಬಾನಾ. ಅವಳ ದನಿ ಬದಲಾಗಿತ್ತು. ಆಗಲಾದರೂ ಅಡಿವೆಪ್ಪ ಎಚ್ಚರಾಗಬೇಕಿತ್ತು.

ಹಂಪಿಹೊಳಿಯವರು ಅವಳ ಕಡೆ ನೋಡದೆಯೇ ಹೇಳಿದರು. "ದಾನಿಗಳು ಕೇಳಿದಾಗ ಇಲ್ಲ ಅನ್ನಬಾರದು ಮೇಡಂ. ಹಾಕ್ರಿ."

ಅಂಗಿ ತಣ್ಣಗಿತ್ತು. ಶಬಾನಾ ಗುಂಡಿ ಹಾಕಲು ತಡಮಾಡುವುದನ್ನು ಕಂಡು ಅಡಿವೆಪ್ಪ, "ನಾ ತಾಳ್ಕೊಂತೀನಿ ಬಿಡ್ರಿ, ಟೈರ್ ಬಡದ ಮೈ ಇದು," ಎಂದು ನಕ್ಕ.

ಮೊದಲು ಬಲಭುಜದಲ್ಲಿ ಸಣ್ಣಗೆ ಒಂದು ಜಗ್ಗು. ತುಂಬಿದ ಕೊಡವನ್ನು ಬಹಳ ಹೊತ್ತು ಹಿಡಿದು ನಿಂತಂತೆ. ಇಷ್ಟೇ ಏನು ಅಂದುಕೊಂಡ. ಆಮೇಲೆ ಯಾರೋ ಒಳಗೆ ಕೈಹಾಕಿ ತೋಳನ್ನು ಭುಜದಿಂದ ಕೀಳತೊಡಗಿದರು. ಅವನಿಗೆ ಉಸಿರು ಸಿಕ್ಕಲಿಲ್ಲ. ಬಿಟ್ಟರು. ಮತ್ತೆ ಎಳೆದರು. ಎಳೆದು, ಹಿಡಿದು, ಬಿಟ್ಟು. ಎಳೆದು, ಹಿಡಿದು, ಬಿಟ್ಟು. ಆ ನೋವಿಗೆ ಒಂದು ಲಯವಿತ್ತು. ಮೂರನೆಯದೋ ನಾಲ್ಕನೆಯದೋ ಎಳೆತಕ್ಕೆ ಅಡಿವೆಪ್ಪನ ತುಟಿ ತಾನಾಗಿ ಅಲ್ಲಾಡಿತು. ಓಂ ನಮಃ ಶಿವಾಯ. ಬಿಡು. ಓಂ ನಮಃ ಶಿವಾಯ. ಬಿಡು.

ಅದು ಅವನದೇ ಲಯ.

ಲಕ್ವಾ ಹೊಡೆದ ಕೈ ಎಳೆಯದೆ ಬಿಟ್ಟರೆ ಕಟ್ಟಿಗೆಯಾಗುತ್ತದೆಂದು ಊರ ಹಿರಿಯರು ಹೇಳಿದ್ದರು. ಒಣಗಿದ ರಬ್ಬರು ಎಳೆದಷ್ಟೂ ಮೆತ್ತಗಾಗುತ್ತದೆಂದು ಅಡಿವೆಪ್ಪನ ಕಸುಬೂ ಹೇಳಿತ್ತು. ಅವನು ಪಡಸಾಲೆಯ ತೊಲೆಗೆ, ಮಗಳ ತೊಟ್ಟಿಲು ಕಟ್ಟಿದ್ದ ಕೊಂಡಿಗೇ, ಲಾರಿ ಟ್ಯೂಬಿನ ಪಟ್ಟಿ ಸಿಕ್ಕಿಸಿದ. ದಿನಾ ಬೆಳಿಗ್ಗೆ ಕಾಶವ್ವನ ಕೈಗೆ ಬಿಸಿ ಔಡಲೆಣ್ಣೆ ತಿಕ್ಕಿ, ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಮಂತ್ರಕ್ಕೊಂದು ಎಳೆತದಂತೆ ತಾನೇ ಎಳೆಯುತ್ತಿದ್ದ. ಆಳಿಗೆ ಬಿಡಲಿಲ್ಲ. ಗಂಡನೆಂದರೆ ಹೀಗಿರಬೇಕೆಂದು ಹೆಂಗಸರು ನೋಡಲು ಬಂದರು. ಮೊದಲ ಸಲ ಕಾಶವ್ವ ಊಂ ಎಂದು ಅತ್ತಾಗ, ನರ ಎದ್ದವು ಎಂದು ಅಡಿವೆಪ್ಪ ಓಣಿಗೆಲ್ಲ ಪೇಡೆ ಹಂಚಿದ. ಅವಳು ಹೆಚ್ಚು ಅತ್ತಷ್ಟೂ ಅವನು ಹೆಚ್ಚು ಎಳೆದ.

"ತಗೀರಿ," ಎಂದ. "ತಗೀರಿ ಇದನ್ನ."

ಹಂಪಿಹೊಳಿಯವರು ನೀರು ತರಲು ಹೋದರು, ಅಥವಾ ನೀರಿನ ನೆಪ ಹೇಳಿ ಹೋದರು. ಅಡಿವೆಪ್ಪ ಬೆವರಿನಲ್ಲಿ ತೊಯ್ದು ಕೂತಿದ್ದ.

"ಇದು ಮುಂಜಾನೆದು?"

"ಹೌದ್ರಿ."

"ದಿನಾ ಹಿಂಗ ಏನು?"

ಶಬಾನಾ ಹೌದೆಂದು ತಲೆಯಾಡಿಸಿದಳು. "ಲಕ್ವಾದಾಗ ಭುಜದ ಸ್ನಾಯು ಸಡ್ಲ ಬೀಳತಾವ್ರಿ. ತೋಳಿನ ಎಲುಬು ಕೀಲಿನಿಂದ ಜಾರಿ ಜೋತು ಬಿದ್ದಿರತೈತಿ. ಆ ಕೈಯನ್ನ ಕೆಳಗಿಂದ ಆಸರಾ ಕೊಟ್ಟು ಇಡಬೇಕು. ಎಳದ್ರ ಒಳಗ ಹರೀತೈತಿ. ಆಗಿನ ಡಾಕ್ಟ್ರು ವ್ಯಾಯಾಮ ಮಾಡಸ್ರಿ ಅಂತ ಅಂದು ಕಳಿಸಿದ್ರು. ಹೆಂಗಂತ ಯಾರೂ ತೋರಿಸಲಿಲ್ಲ. ತಪ್ಪು ನಿಮ್ಮದೊಂದ ಅಲ್ಲ."

ಅವನು ಆ ಕೊನೆಯ ಮಾತು ಕೇಳಿಸಿಕೊಳ್ಳಲಿಲ್ಲ. "ಅಕಿಗೂ ಇಷ್ಟ ನೋಯ್ತಿತ್ತೇನು?"

"ಸರ್, ಅಂಗಿ ಪೂರಾ ಕೊಡೂದಿಲ್ಲ. ತೊಟ್ಟವ್ರು ಎಚ್ಚರ ತಪ್ಪಬಾರದಂತ." ಅವಳು ನೆಲ ನೋಡಿದಳು. "ನಿಮಗ ಬಂದದ್ದು ಹತ್ತರಾಗ ಒಂದು ಪಾಲು."

ಮನೆಯಲ್ಲಿ ಮಗಳು ದಾಕ್ಷಾಯಣಿ ಇಳಕಲ್ಲಿನಿಂದ ಬಂದಿದ್ದಳು. ಅಪ್ಪನ ಸನ್ಮಾನಕ್ಕೆಂದು. ತಾಯಿ ಸತ್ತ ಮೇಲೆ ಅವಳು ಬರುವುದು ಕಡಿಮೆಯಾಗಿತ್ತು. ಬಂದರೂ ನೆಂಟರಂತೆ ಬಂದು ಹೋಗುತ್ತಿದ್ದಳು. ಅದಕ್ಕೆ ಕಾರಣ ಅಪ್ಪ ಮಗಳಿಬ್ಬರಿಗೂ ಗೊತ್ತಿತ್ತು, ಬಾಯಿ ಮಾತ್ರ ಯಾರೂ ಬಿಟ್ಟಿರಲಿಲ್ಲ.

ಕಾಶವ್ವ ಹಾಸಿಗೆ ಹಿಡಿದಾಗ ದಾಕ್ಷಾಯಣಿ ಗಂಡನ ಮನೆ ಬಿಟ್ಟು ಬಂದು ನಿಂತಿದ್ದಳು. ಒಂದು ಬೆಳಿಗ್ಗೆ ಅಪ್ಪ ಎಳೆಯುತ್ತಿರುವಾಗಲೇ ನಡುವೆ ನುಗ್ಗಿ ಟ್ಯೂಬಿನ ಗಂಟು ಬಿಚ್ಚಿದಳು. ಅವ್ವನ ಕಣ್ಣು ನೋಡು ಅಂದಳು. ಅಡಿವೆಪ್ಪ ನೋಡಲಿಲ್ಲ. "ನಿನಗ ಸೇವಾ ಮಾಡೋ ಮನಸ್ಸಿಲ್ಲ, ಮಾಡೋವ್ರಿಗೂ ಬಿಡವಲ್ಲಿ. ನಡಿ, ನಿನ್ನ ಗಂಡನ ಮನಿಗೆ," ಎಂದು, ನೆರೆದ ಹೆಂಗಸರ ಎದುರಿಗೇ ಅವಳ ಚೀಲವನ್ನು ಹೊರಗಿಟ್ಟ. ಅವಳು ಮತ್ತೆ ತಾಯಿಯನ್ನು ಕಂಡದ್ದು ಹೂವಿನ ಹಾರದ ಕೆಳಗೆ.

ಅವಳು ರೊಟ್ಟಿ ಬಡಿದು, ತಟ್ಟೆ ಮುಂದಿಟ್ಟು, ಎದುರಿಗೆ ಕೂತಳು.

"ಯಪ್ಪಾ, ಉಣ್ಣವಲ್ಲಿ ಯಾಕ? ಬದ್ನಿಕಾಯಿ ಪಲ್ಯಾ ಅಂದ್ರ ಅಡಿಗಿ ಮನಿಗೇ ಬಂದು ಕೂಡತಿದ್ದಿ."

"ಹಸಿವಿಲ್ಲವಾ."

"ಒಂದು ಮಾತು ಹೇಳಬೇಕಾಗಿತ್ತು. ಸಿಟ್ಟಿಗೇಳಬ್ಯಾಡ." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಅವತ್ತ ನಾ ತಡೀಬಾರದಿತ್ತು. ನೀ ಅಷ್ಟು ಕಷ್ಟಪಟ್ಟು ಮಾಡತಿದ್ದಿ. ನನಗ ನೋಡಾಕ ಆಗಲಿಲ್ಲ, ಅದು ನನ್ನ ಪುಕ್ಕಲತನ. ಅತ್ತಿ ಮನ್ಯಾಗ ಈಗಲೂ ಅಂತಾರ, ಹೆತ್ತ ತಾಯಿ ಸೇವಾಕ್ಕ ಬೆನ್ನ ತೋರಿಸಿ ಬಂದಾಕಿ ಅಂತ. ಖರೇನ ಅಂತಾರ. ಅವ್ವನ ಕೇಳಾಕ ಆಗೂದಿಲ್ಲ. ನೀನರ ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೋ ಯಪ್ಪಾ."

ಈಗ ಹೇಳಬೇಕಿತ್ತು. ಮೇಜು ಗುದ್ದುವ ಗಂಡಸು, ಕಾರ್ಖಾನೆ ನಡುಗಿಸುವ ಗಂಡಸು, ಮಗಳ ಮುಖ ನೋಡಲಾರದೆ ತಟ್ಟೆಯನ್ನು ನೋಡಿದ.

"ಇರಲಿ ಬಿಡವಾ," ಎಂದ. "ಆಗಿ ಹೋದದ್ದು."

ದಾಕ್ಷಾಯಣಿ ಕಣ್ಣೊರೆಸಿಕೊಂಡು ಅಪ್ಪನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅವಳ ಮುಖ ಹಗುರಾಗಿತ್ತು. ಅಪ್ಪ ತಾನೇ ಮಾಡಿದ ತಪ್ಪಿಗೆ ಮಗಳಿಂದ ಕ್ಷಮೆ ಕೇಳಿಸಿಕೊಂಡು, ಅದನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿಯೂ ಆಗಿತ್ತು. ಇದಕ್ಕಿಂತ ಹೇಸಿಗೆಯ ಕೆಲಸ ಜನ್ಮದಲ್ಲಿ ಮಾಡಿಲ್ಲವೆಂದು ಅಡಿವೆಪ್ಪನಿಗೆ ಗೊತ್ತಿತ್ತು. ಆದರೂ ಅವನು ಆ ರೊಟ್ಟಿಯನ್ನು ತಿಂದ.

ಮರುದಿನ ಬೆಳಿಗ್ಗೆಯೇ ಅವನು ಪ್ರಯೋಗಾಲಯದಲ್ಲಿದ್ದ. ಈ ಸಲ ಬಾಗಿಲು ಹಾಕಿಕೊಂಡು, ಮೆಲ್ಲಗೆ ಮಾತಾಡಿದ.

"ಅದನ್ನ ಅಳಿಸಿಬಿಡ್ರಿ ಡಾಕ್ಟರವ್ವಾ. ಕಾಶಿದು."

"ಪಿಚ್ಚರ್‌ನಾಗ ಇಲ್ಲಲ್ರೀ. ಮೊದಲ ತಗದೀವಿ."

"ಎಲ್ಲೂ ಇರಬಾರದು."

ಶಬಾನಾ ಕುರ್ಚಿ ಎಳೆದು ಅವನ ಎದುರಿಗೆ ಕೂತಳು. "ಯಂತ್ರ ಓದಾಕ ಕಲ್ತ ದಿನ ನಾ ಮೊದಲ ಹಾಕ್ಕೊಂಡಿದ್ದು ಕಾಶವ್ವಾರದ್ದ ಸರ್. ಹೋದ ವರ್ಷ. ಅವತ್ತ ನಿಮಗ ಹೇಳಬೇಕಿತ್ತು. ಆಮ್ಯಾಲ ನೋಡಿದ್ರ ಲಕ್ವಾ ಪೇಷಂಟ್‌ಗಳೊಳಗ ಅರ್ಧಕ್ಕರ್ಧ ಮಂದಿಗೆ ಅದ ಭುಜ, ಅದ ನೋವು. ಎಲ್ಲಾರ ಮನ್ಯಾಗೂ ಎಳೀತಾರ. ಪ್ರೀತಿಲೆ ಎಳೀತಾರ. ಇದನ್ನ ಊರೂರಿಗೆ ಹೇಳಬೇಕಂತ ಬರದಿದ್ದೆ. ಪ್ರಿನ್ಸಿಪಾಲ್ರು, ದಾನಿಗಳ ಮನಸಿಗೆ ನೋವಾಗತೈತಿ, ಈಗ ಬ್ಯಾಡ ಅಂದ್ರು. ನಾನೂ ಸುಮ್ನಾದೆ."

"ನಾ ರೊಕ್ಕ ನಿಲ್ಲಸ್ತೀನಂತ ಹೇಳಿದ್ನೇನು?"

"ಇಲ್ರಿ. ಅದನ್ನ ನೀವು ಬಾಯಿಲೆ ಹೇಳೋದು ಬೇಕಾಗಿರಲಿಲ್ಲ."

ಬೇರೆ ದಿನವಾಗಿದ್ದರೆ ಅಡಿವೆಪ್ಪ ಮೇಜು ಗುದ್ದುತ್ತಿದ್ದ.

"ಒಂದು ವರ್ಷ ನನ್ನ ಬಾಯಿ ಕಟ್ಟಿತ್ತು," ಎಂದಳು ಶಬಾನಾ. "ಆ ವರ್ಷದಾಗ ಎಷ್ಟು ಮಂದಿ ಕೈ ಹರದಾವೋ ದೇವ್ರಿಗೇ ಗೊತ್ತು. ನಾಚಿಕಿ ನಿಮಗೊಬ್ಬರಿಗ ಅಂತ ತಿಳೀಬ್ಯಾಡ್ರಿ. ಅಳಸೂದಿದ್ರ ನೀವ ಅಳಸ್ರಿ. ಇದು ಗುಂಡಿ. ನನ್ನ ಕೈಲೆ ಆಗೂದಿಲ್ಲ."

ಅವನು ಗುಂಡಿಯನ್ನು ನೋಡಿದ. ಒತ್ತಲಿಲ್ಲ. ಆದರೆ ಸಭೆಯಲ್ಲಿ ತೋರಿಸಿ ಎಂದೂ ಹೇಳದೆ ಎದ್ದು ಬಂದ.

ಹೊರಗಿನ ಬೆಂಚಿನ ಹತ್ತಿರ ಗಾಲಿಕುರ್ಚಿಯಲ್ಲಿ ಒಬ್ಬ ಗಂಡಸು ವಾಲಿ ಕೂತಿದ್ದ. ಬಲಗೈ ತೊಡೆಯ ಮೇಲೆ ಬೇರೆಯವರ ವಸ್ತುವಿನಂತೆ ಬಿದ್ದಿತ್ತು. ಅವನ ಹೆಂಡತಿ ಎದ್ದು ನಿಂತು ಅಡಿವೆಪ್ಪನ ಕಾಲು ಮುಟ್ಟಿದಳು. ಸೀರೆಯ ನೆರಿಗೆಗೆಲ್ಲ ಎಣ್ಣೆಯ ಕಲೆ.

"ಮುಳಗುಂದ ಸಾಹುಕಾರ್ರಲ್ಲೇನ್ರಿ? ನಾ ಹನಮವ್ವ ರೀ, ಅಂಕಲಗಿಯಾಕಿ. ನಿಮ್ಮ ಕಥಿ ನಮ್ಮೂರಾಗ ಎಲ್ಲಾರ ಬಾಯಾಗ ಐತ್ರಿ. ನೀವು ಮಾಡಿದಂಗ ನಾನೂ ಜಂತಿಗೆ ಟ್ಯೂಬ್ ಕಟ್ಟೀನಿ. ದಿನಾ ಎಳೀತೀನ್ರಿ. ಇವ್ರು ಅಳತಾರ. ನರ ಎದ್ದಾವಂತ ಎಲ್ಲಾರೂ ಅಂತಾರ."

"ಎಳೀಬ್ಯಾಡ," ಎಂದ ಅಡಿವೆಪ್ಪ.

"ಹಾಂ?"

"ಎಳೀಬ್ಯಾಡಂತ ಹೇಳಿದೆ. ಬಿಚ್ಚಿ ಒಗಿ ಅದನ್ನ."

ಹನಮವ್ವ ನಕ್ಕಳು, ದೊಡ್ಡವರು ಚೇಷ್ಟೆ ಮಾಡಿದಾಗ ನಗುವಂತೆ. "ಮತ್ತ ನೀವು ಎಳೀಲಿಲ್ಲೇನ್ರಿ? ನಾ ಹೆಣ್ಣ ಹೆಂಗಸು, ದಣದೀನಂತ ಕನಿಕರ ಮಾಡಬ್ಯಾಡ್ರಿ. ಅವ್ರ ಪುಣ್ಯ ಇದ್ರ ನನ್ನ ತೋಳಿಗೂ ಶಕ್ತಿ ಇರತೈತಿ."

ಗಾಲಿಕುರ್ಚಿಯ ಗಂಡಸು ಅಡಿವೆಪ್ಪನನ್ನೇ ನೋಡುತ್ತಿದ್ದ. ಆ ಕಣ್ಣನ್ನು ನೋಡು ಎಂದು ಹಿಂದೊಮ್ಮೆ ಒಬ್ಬಳು ಹೇಳಿದ್ದಳು. ಈ ಸಲ ಅಡಿವೆಪ್ಪ ನೋಡಿದ. ನೋಡಿ, ಕಳ್ಳನಂತೆ ಬೇಗ ಬೇಗ ಮೆಟ್ಟಿಲಿಳಿದು ಹೋದ.

ಕಾರ್ಯಕ್ರಮದ ದಿನ ಕಾಲೇಜಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೇಟ ಸುತ್ತಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗಿತ್ತರು. ಮೊದಲ ಸಾಲಿನಲ್ಲಿ ದಾಕ್ಷಾಯಣಿ ತಾಯಿಯ ಹಸಿರು ಇಳಕಲ್ ಸೀರೆ ಉಟ್ಟು ಕೂತಿದ್ದಳು. ಪರದೆಯ ಮೇಲೆ ಕೂಸು ಬಂತು, ಮುದುಕ ಬಂದ. ಜನ ಕಣ್ಣೀರು ಹಾಕಿದರು. ಹಿಂದಿನ ಸಾಲಿನಲ್ಲಿ ಹನಮವ್ವ ಗಂಡನ ಕುರ್ಚಿ ಹಿಡಿದು ನಿಂತಿದ್ದಳು.

ಹಂಪಿಹೊಳಿಯವರು ಧ್ವನಿವರ್ಧಕದ ಮುಂದೆ ನಿಂತರು. "ರೊಕ್ಕ ಕೊಡೋ ದಾನಿಗಳು ಬಹಳ ಮಂದಿ ಸಿಗತಾರ. ಆದರ ಹಾಸಿಗಿ ಹಿಡಿದ ಹೆಂಡತಿ ಕೈಯನ್ನ ತನ್ನ ಕೈಯಾರೆ ತಿಕ್ಕಿ, ಎಳದು, ಕೂಸಿನಂಗ ಜ್ವಾಕಿ ಮಾಡಿದ ಗಂಡ ಎಷ್ಟು ಮಂದಿ ಅದಾರ? ಆ ಸೇವೆಯಿಂದಲೇ ಈ ಯಂತ್ರ ಹುಟ್ಟಿತು. ಸಾಹುಕಾರ್ರು ಎರಡು ಮಾತು ಆಡಬೇಕು."

ಅಡಿವೆಪ್ಪ ಎದ್ದು ನಿಂತ. ಭಾಷಣದ ಚೀಟಿ ಜೇಬಿನಲ್ಲೇ ಇತ್ತು.

"ನಾ ಎಳದದ್ದಕ್ಕ ಅಕಿಗೆ ನೋವಾತು," ಎಂದ. "ಸೇವಾ ಅಲ್ಲ ಅದು. ದಿನಾ ಅಕಿ ಭುಜ ಹರದೀನಿ. ಅಕಿ ಅತ್ತಳು, ನಾ ಪೇಡೆ ಹಂಚಿದೆ."

ಸಭೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. "ನೋಡ್ರಿ, ಇಷ್ಟು ಮಾಡಿಯೂ ಇನ್ನೂ ಕಡಿಮಿ ಆತಂತ ಕೊರಗತಾರ," ಎಂದು ಹಂಪಿಹೊಳಿಯವರು ಗದ್ಗದಿತರಾಗಿ ಹೇಳಿದರು. "ದೊಡ್ಡವರ ದೊಡ್ಡತನ ಇದು."

ಅಡಿವೆಪ್ಪನಿಗೆ ಹಳೆಯ ಸಿಟ್ಟು ಬಂತು. ಈ ಸಲ ಅದು ಬಂದದ್ದು ಒಳ್ಳೆಯದೇ ಆಯಿತು.

"ನಿಲ್ಲಸ್ರಿ ಚಪ್ಪಾಳಿ. ಹುಚ್ಚು ಹಿಡದೈತೇನ್ ನಿಮಗ? ಶಾಲು ಹೊಚ್ಚಿಕೊಂಡಾವ ಏನ್ ಅಂದ್ರೂ ತಟ್ಟತೀರಿ?" ಪೇಟವನ್ನು ತೆಗೆದು ಕುರ್ಚಿಯ ಮೇಲೆ ಒಗೆದ. "ಡಾಕ್ಟರವ್ವಾ, ಕಾಶಿದು ಹಾಕು. ಪರದೆ ಮ್ಯಾಲ ಹಾಕು. ನಾ ಹೇಳಿದ್ರ ಇವ್ರು ನಂಬೂದಿಲ್ಲ."

ಶಬಾನಾ ಪ್ರಿನ್ಸಿಪಾಲರ ಕಡೆ ನೋಡಲಿಲ್ಲ. ಪರದೆಯ ಮೇಲೆ ಗೆರೆಯೊಂದು ಓಡತೊಡಗಿತು. ಸಪಾಟಾಗಿ ಓಡುತ್ತ ಬಂದು, ಗರಗಸದ ಹಲ್ಲಿನಂತೆ ಎದ್ದು ಬಿದ್ದು, ಎದ್ದು ಬಿದ್ದು ಹೋಯಿತು. ಅವಳು ಪುಸ್ತಕದ ಮಾತಿಲ್ಲದೆ ಹೇಳಿದಳು. ಈ ಹಲ್ಲು ಒಂದೊಂದೂ ಕೈಯ ಒಂದೊಂದು ಎಳೆತ. ಇದು ಒಂದು ಬೆಳಗಿನದು. ಇದು ಮರುದಿನದ್ದು. ಎಲ್ಲಾ ದಿನ ಹೀಗೇ. ಅರ್ಧಕ್ಕೇ ಬಿಟ್ಟ ಬೆಳಿಗ್ಗೆ ಒಂದೇ ಒಂದು ಇದೆ, ಇಲ್ಲಿ ನೋಡಿ, ನಡುವೆ ಯಾರೋ ನಿಲ್ಲಿಸಿದ್ದಾರೆ. ಗೆರೆ ಇಳಿದು ದಿನವೆಲ್ಲ ಸಪಾಟಾಗಿದೆ. ಅವತ್ತು ರೋಗಿ ನಿದ್ದೆ ಮಾಡಿದ್ದಾರೆ.

ಹಿಂದಿನಿಂದ ಹನಮವ್ವನ ದನಿ ಬಂತು. "ಹಂಗಾರ ನಾಳಿಂದ ಎಳೀಬಾರದೇನ್ರಿ?"

"ಎಳೀಬಾರದು," ಎಂದ ಅಡಿವೆಪ್ಪ.

"ಇಷ್ಟ ದಿನ ಎಳದದ್ದು?"

ಹನಮವ್ವ ಗಂಡನ ಸತ್ತ ಕೈಯನ್ನು ಎರಡೂ ಕೈಯಲ್ಲಿ ಕೆಳಗಿನಿಂದ ಎತ್ತಿ ಹಿಡಿದುಕೊಂಡು ನೆಲಕ್ಕೆ ಕೂತಳು.

ಅಡಿವೆಪ್ಪ ಆಗ ಮೊದಲ ಸಾಲಿನತ್ತ ನೋಡಿದ. ದಾಕ್ಷಾಯಣಿ ಎದ್ದು ನಿಂತಿದ್ದಳು. ಅವಳ ಕಣ್ಣು ಪರದೆಯ ಮೇಲಿನ ಆ ಒಂದು ಸಪಾಟು ಗೆರೆಯ ಮೇಲಿತ್ತು. ಆಮೇಲೆ ಅಪ್ಪನ ಮುಖದ ಮೇಲೆ ಬಂತು.

"ನಿನಗ ಯಾವಾಗ ಗೊತ್ತಾತು?" ಎಂದು ಕೇಳಿದಳು. ದೊಡ್ಡ ದನಿಯಲ್ಲೇನೂ ಅಲ್ಲ.

"ಮೊನ್ನೆ," ಎಂದ ಅವನು. ಎದುರಿಗಿದ್ದ ಧ್ವನಿವರ್ಧಕ ಆ ಮಾತನ್ನು ಇಡೀ ಸಭೆಗೆ ಕೇಳಿಸಿತು.

"ನಾ ರೊಟ್ಟಿ ಬಡಿಯೂಕಿಂತ ಮೊದಲ?"

ಅಡಿವೆಪ್ಪ ಹೌದೆಂದು ತಲೆಯಾಡಿಸಿದ.

ಅವಳು ಅಳಲಿಲ್ಲ, ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದಳು. ಜನ ಕಾಲು ಹಿಂದಕ್ಕೆಳೆದು ದಾರಿ ಬಿಟ್ಟರು. ಹನಮವ್ವನ ಹತ್ತಿರ ಒಂದು ಗಳಿಗೆ ನಿಂತು ಅವಳ ತಲೆ ಮುಟ್ಟಿ, ಬಾಗಿಲು ದಾಟಿ ಬಿಸಿಲಿಗೆ ಹೋದಳು. ಮುಖ ತೊಳೆದುಕೊಂಡು ಬರಲು ಹೋಗಿದ್ದಾಳೆಂದು ಅಡಿವೆಪ್ಪ ತನಗೆ ತಾನೇ ಹೇಳಿಕೊಂಡ. ವಂದನಾರ್ಪಣೆ ಮುಗಿಯುವವರೆಗೂ ಬಾಗಿಲನ್ನೇ ನೋಡುತ್ತ ನಿಂತಿದ್ದ. ಕಾರಿನಲ್ಲಿ ಕೂತಿರಬಹುದೆಂದು ಹೋಗಿ ನೋಡಿದರೆ, ಅಕ್ಕಾವ್ರು ಬಸ್ ಸ್ಟ್ಯಾಂಡಿಗೆ ಆಟೋ ಹಿಡಿದು ಹೋದರೆಂದು ಡ್ರೈವರ್ ಹೇಳಿದ.

ಅವಳು ಯುಗಾದಿಗೆ ಬರಲಿಲ್ಲ. ನಾಗರ ಪಂಚಮಿಗೆ ಕರೆಯಲು ಅವನೇ ಇಳಕಲ್ಲಿಗೆ ಹೋದ. ಅಳಿಯ ನೀರು ಕೊಟ್ಟು ಮಾತಾಡಿಸಿದ, ಅವಳು ಒಳಗಿನಿಂದ ಹೊರಗೆ ಬರಲಿಲ್ಲ. ಆಮೇಲಿನ ಪಂಚಮಿಗೂ ಬರಲಿಲ್ಲ.